ಸರ್ಗೋಧಾದಿಂದ ವಾಪಸ್ ಬರದ ಅಜ್ಜಮಾಡ ದೇವಯ್ಯ

ಪ್ರಶ್ನೆ (ಕಾಫಿತೋಟ): ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ಅವರ ಪ್ರತಿಮೆ ನೋಡಿ ಮಗಳು ಕೇಳಿದಳು, ಇವರು ಏನು ಮಾಡಿದರು ಅಂತ. ನನಗೆ ಸರಿಯಾಗಿ ಹೇಳೋಕೆ ಆಗಲಿಲ್ಲ. ಗೊತ್ತಿರುವವರು ತಿಳಿಸಿ.

ಬಾನಾಡಿ: ಕೊಡಗಿನವರು, 1932ರಲ್ಲಿ ಹುಟ್ಟಿದರು, ವಾಯುಪಡೆ ಸೇರಿ ಮುಂದೆ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುತ್ತಿದ್ದರು. 1965ರ ಭಾರತ-ಪಾಕ್ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಂಜಾಬಿನ ಆದಂಪುರ ವಾಯುನೆಲೆಯಿಂದ ನಮ್ಮ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೊರಟವು. ಇವರು ಆ ದಿನ ಬದಲಿ ಪೈಲಟ್ ಅಷ್ಟೇ, ಒಂದು ವಿಮಾನ ಹಿಂದುಳಿದಾಗ ಆ ಜಾಗಕ್ಕೆ ಹೋದರು. ವಾಪಸ್ ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಇವರ ವಿಮಾನಕ್ಕೆ ಗುಂಡು ಹೊಡೆಯಿತು. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹಾರುವ ವಿಮಾನ, ಮಿಸ್ಟೇರ್ ಅದರ ಮುಂದೆ ತುಂಬಾ ನಿಧಾನ. ಆದರೂ ಪೆಟ್ಟು ತಿಂದ ವಿಮಾನದಲ್ಲೇ ತಿರುಗಿ ಹೋರಾಡಿ ಅದನ್ನು ಉರುಳಿಸಿದರು. ಎದುರಾಳಿ ಪೈಲಟ್ ಪ್ಯಾರಾಚೂಟ್‌ನಲ್ಲಿ ಬದುಕಿದ, ಇವರು ಬರಲಿಲ್ಲ.

ಹಳೇಪುಟ: ಈ ಹೋರಾಟ ನಮ್ಮವರಿಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ವಿದೇಶಿ ಲೇಖಕರೊಬ್ಬರ ಬರಹದಿಂದ ಹೊರಬಂತು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, 23 ವರ್ಷ ಆದಮೇಲೆ! ಪತ್ನಿ ಅಷ್ಟು ವರ್ಷ ಕಾದರು, ಅದನ್ನು ನೆನೆದರೆ ಹೊಟ್ಟೆ ಚುರ್ ಅನ್ನುತ್ತೆ.

ಕಾಫಿತೋಟ: ಇವತ್ತು ರಾತ್ರಿಯೇ ಮಗಳಿಗೆ ಹೇಳುತ್ತೇನೆ. ತುಂಬಾ ಥ್ಯಾಂಕ್ಸ್.