ಫೋಕಸ್, ಕರ್ಸರ್, ಮೌಸ್ ಬಾಣ: ಕಿವಿಯಿಂದ ಕಂಪ್ಯೂಟರ್ ಬಳಸುವವರಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಹುಟ್ಟಿನಿಂದ ಕಣ್ಣು ಕಾಣದವನು. ಸ್ಕ್ರೀನ್ ರೀಡರ್, ಅಂದರೆ ಸ್ಕ್ರೀನಿನ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಇಟ್ಟುಕೊಂಡು ಕಂಪ್ಯೂಟರ್ ಬಳಸುತ್ತೇನೆ. ನನ್ನ ಹಾಗೇ ಇರುವ ಹುಡುಗ ಹುಡುಗಿಯರಿಗೆ ವಾರದ ಕೊನೆಯಲ್ಲಿ ಎನ್‌ವಿಡಿಎ ಹೇಳಿಕೊಡುತ್ತೇನೆ. ಇದು ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಬೆಳೆಸಿದ ಸ್ಕ್ರೀನ್ ರೀಡರ್. ಇಬ್ಬರಿಗೂ ಕಣ್ಣು ಕಾಣದು. 2006ರಲ್ಲಿ ಶುರುವಾಯಿತು, ಇಂದಿಗೂ ದುಡ್ಡಿಲ್ಲದೆ ಸಿಗುತ್ತದೆ. ಅದರ ಜೊತೆಗೇ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಮಕ್ಕಳಿಗಾಗಿ ಕನ್ನಡದಲ್ಲೇ ಒಂದು ಕೈಪಿಡಿ ಬರೆಯಲು ಕೂತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ತೊಂದರೆ ಎಲ್ಲಿಂದ ಶುರುವಾಯಿತು ಅಂತ ಹೇಳಿಬಿಡುತ್ತೇನೆ. ಹೋದ ತಿಂಗಳು ಒಬ್ಬ ಹುಡುಗಿ ಒಂದು ಅರ್ಜಿ ತುಂಬುತ್ತಿದ್ದಳು. ಟ್ಯಾಬ್ ಒತ್ತುತ್ತಾ ಕೊನೆಯ ಬಟನ್‌ಗೆ ಬಂದಳು. ಎಂಟರ್ ಹೊಡೆದರೂ ಅದು ಅಲುಗಲಿಲ್ಲ. ಕೆಲವು ಪುಟಗಳು ಹಾಗೆ, ಮೌಸ್ ಕ್ಲಿಕ್ ಬಿಟ್ಟು ಬೇರೆ ಯಾವುದಕ್ಕೂ ಬಗ್ಗುವುದಿಲ್ಲ. "ನಂಬರ್ ಪ್ಯಾಡ್‌ನ ಸ್ಲ್ಯಾಶ್ ಒತ್ತಮ್ಮ, ಅದೇ ಎಡ ಕ್ಲಿಕ್" ಎಂದೆ. ಒತ್ತಿದಳು. ಇನ್ಯಾವುದೋ ಕಿಟಕಿ ತೆರೆದುಕೊಂಡಿತು. ತುಂಬಿದ್ದೆಲ್ಲ ಹೋಯಿತು.

"ಕರ್ಸರ್ ಬಟನ್ ಮೇಲೇ ಇತ್ತಲ್ಲ ಸಾರ್, ಯಾಕೆ ಹೀಗಾಯ್ತು?" ಅಂತ ಕೇಳಿದಳು.

ಅವಳು ಕೇಳಿದ್ದು ಸರಿಯಾಗಿತ್ತು. ಬಟನ್ ಮೇಲೆ ಇದ್ದದ್ದು ಫೋಕಸ್, ಅಂದರೆ ಒತ್ತಿದ ಕೀ ಹೋಗಿ ಮುಟ್ಟುವ ಜಾಗ. ಮೌಸ್ ಬಾಣ ಸ್ಕ್ರೀನಿನ ಇನ್ನೊಂದು ಮೂಲೆಯಲ್ಲಿ ಬಿದ್ದಿತ್ತು. ಸ್ಲ್ಯಾಶ್ ಒತ್ತಿದರೆ ಕ್ಲಿಕ್ ಆಗುವುದು ಬಾಣ ಇದ್ದ ಕಡೆ. ಮೊದಲು ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್ ಕೀ) ಹಿಡಿದು ಸ್ಲ್ಯಾಶ್ ಒತ್ತಬೇಕು, ಆಗ ಬಾಣ ನಾವಿದ್ದಲ್ಲಿಗೆ ಬರುತ್ತದೆ. ಆಮೇಲೆ ಬರೀ ಸ್ಲ್ಯಾಶ್. ನಾನು ಅಷ್ಟು ದಿನ ಫೋಕಸ್ಸಿಗೂ ಕರ್ಸರ್, ಬಾಣಕ್ಕೂ ಕರ್ಸರ್ ಅಂತಲೇ ಹೇಳಿಕೊಟ್ಟಿದ್ದೆ. ಪದ ಒಂದೇ ಆದ್ದರಿಂದ ವಸ್ತುವೂ ಒಂದೇ ಅಂತ ಅವಳು ತಿಳಿದಿದ್ದಳು.

ಕಣ್ಣು ಕಾಣುವವರಿಗೆ ಈ ಗೊಂದಲ ಜಾಸ್ತಿ ಬರುವುದಿಲ್ಲ. ಬಾಣ ಎಲ್ಲಿದೆ ಅಂತ ಕಾಣುತ್ತದೆ, ಗೆರೆ ಎಲ್ಲಿ ಮಿಟುಕುತ್ತಿದೆ ಅಂತಲೂ ಕಾಣುತ್ತದೆ. ಹೆಸರು ತಪ್ಪಿದರೂ ಕೆಲಸ ತಪ್ಪುವುದಿಲ್ಲ. ನಮಗೆ ಹೆಸರೇ ಗುರುತು. ಬಾಣ ಸರಿಯುವಾಗ ಬೀಪ್ ಸದ್ದು ಬರುವ ಏರ್ಪಾಟು ಎನ್‌ವಿಡಿಎಯಲ್ಲಿ ಇದೆ: ಬಾಣ ಮೇಲೆ ಹೋದಷ್ಟೂ ದನಿ ಏರುತ್ತದೆ, ಬಲಕ್ಕೆ ಹೋದರೆ ಬಲಗಿವಿಯಲ್ಲಿ ಕೇಳುತ್ತದೆ. ಆದರೆ ನಿಂತ ಬಾಣ ಸದ್ದು ಮಾಡುವುದಿಲ್ಲ.

ಈಗ ಪದಗಳಿಗೆ ಬರುತ್ತೇನೆ. ನನಗೆ ಬೇಕಾದದ್ದು ನಾಲ್ಕು.

ಮೊದಲನೆಯದು ಫೋಕಸ್. ಈಗ ಕೀ ಒತ್ತಿದರೆ ಅದು ಯಾರಿಗೆ ಮುಟ್ಟುತ್ತದೋ ಆ ಜಾಗ. ಅನುವಾದಗಳಲ್ಲಿ 'ಗಮನ', 'ಕೇಂದ್ರ' ಎಂದು ನೋಡಿದ್ದೇನೆ. 'ಗಮನ ಬಟನ್ ಮೇಲಿದೆ' ಎಂದರೆ ಮಕ್ಕಳು ತಮ್ಮ ಗಮನ ಅಂತ ತಿಳಿಯುತ್ತಾರೆ. 'ಕೇಂದ್ರ' ಎಂದರೆ ಸ್ಕ್ರೀನಿನ ನಡು ಅಂತ ತಿಳಿಯುತ್ತಾರೆ. ನನ್ನ ಮನಸ್ಸಿಗೆ ಬಂದದ್ದು 'ಹಿಡಿತ'. 'ಹಿಡಿತ ಈಗ ಬಟನ್ ಮೇಲಿದೆ.' ಹಿಡಿದುಕೊಂಡಿರುವುದು ಯಾವುದೋ ಅದರ ಮೇಲೆ ನಮ್ಮ ಕೈ ನಡೆಯುತ್ತದೆ, ಅಲ್ವಾ? ತರಗತಿಯಲ್ಲಿ ಒಬ್ಬ ಹುಡುಗ ತಾನಾಗಿಯೇ "ಈಗ ಕೈಯಲ್ಲಿ ಏನಿದೆ?" ಎನ್ನುತ್ತಾ ಎನ್‌ವಿಡಿಎ ಕೀ ಜೊತೆ ಟ್ಯಾಬ್ ಒತ್ತಿ ಕೇಳಿಸಿಕೊಳ್ಳುತ್ತಿದ್ದ. ನನಗೆ ದಾರಿ ತೋರಿಸಿದ್ದು ಅವನ ಮಾತು.

ಎರಡನೆಯದು ಅಕ್ಷರ ಬೀಳುವ ಜಾಗ. ಇದಕ್ಕೆ ಮಾತ್ರ 'ಕರ್ಸರ್' ಉಳಿಸಿಕೊಳ್ಳೋಣ ಅಂತ ನನ್ನ ಯೋಚನೆ. ಎಲ್ಲರ ಬಾಯಲ್ಲೂ ಇದೆ, ಸುಮ್ನೆ ಯಾಕೆ ಬದಲಿಸಬೇಕು.

ಮೂರನೆಯದರ ಬಗ್ಗೆ ತುಂಬ ಯೋಚಿಸಿದ್ದೇನೆ. ಹಿಡಿತವನ್ನು ಬಟನ್ ಮೇಲೇ ಬಿಟ್ಟು, ಸುತ್ತ ಏನೇನಿದೆ ಅಂತ ನೋಡಿಕೊಂಡು ಬರುವ ದಾರಿ ಎನ್‌ವಿಡಿಎಯಲ್ಲಿ ಇದೆ. ಎನ್‌ವಿಡಿಎ ಕೀ ಹಿಡಿದು ನಂಬರ್ ಪ್ಯಾಡ್‌ನ 4 ಒತ್ತಿದರೆ ಹಿಂದಿನ ವಸ್ತು, 6 ಒತ್ತಿದರೆ ಮುಂದಿನದು. 8 ಒತ್ತಿದರೆ ಅದನ್ನು ಒಳಗಿಟ್ಟುಕೊಂಡಿರುವ ದೊಡ್ಡದು, 2 ಒತ್ತಿದರೆ ಅದರ ಒಳಗಿನ ಮೊದಲನೆಯದು. ಟ್ಯಾಬ್ ಮುಟ್ಟದ ಜಾಗಗಳಿಗೂ ಹೀಗೆ ಹೋಗಬಹುದು. ಈ ಓಡಾಟಕ್ಕೆ ಏನನ್ನಬೇಕು? 'ತಡಕಾಡು' ಬೇಡವೇ ಬೇಡ. ಆ ಪದದಲ್ಲಿ ದಿಕ್ಕು ತೋಚದವನ ಚಿತ್ರ ಇದೆ. ಇಲ್ಲಿ ಮಾಡುವ ಕೆಲಸ ತುಂಬ ಲೆಕ್ಕಾಚಾರದ್ದು. 'ಸಂಚರಣೆ' ಹುಡುಗರ ನಾಲಿಗೆಗೆ ಹತ್ತುವುದಿಲ್ಲ. ನಾನು 'ಕೈಯಾಡಿಸು' ಎಂದು ಬರೆದು ನೋಡಿದ್ದೇನೆ. ಹೊಸ ಮನೆಗೆ ಹೋದಾಗ ನಾವು ಮೇಜಿನ ಮೇಲೆ ಮೆಲ್ಲಗೆ ಕೈಯಾಡಿಸಿ ಲೋಟ ಎಲ್ಲಿದೆ, ತಟ್ಟೆ ಎಲ್ಲಿದೆ ಅಂತ ತಿಳಿದುಕೊಳ್ಳುತ್ತೇವೆ. ಏನನ್ನೂ ಎತ್ತುವುದಿಲ್ಲ, ಏನನ್ನೂ ಜರುಗಿಸುವುದಿಲ್ಲ. ಇದೂ ಹಾಗೆಯೇ. ಅಡುಗೆಮನೆಯಲ್ಲಿ ಕೈಯಾಡಿಸುವುದೆಂದರೆ ಸೌಟಿನಿಂದ ತಿರುಗಿಸುವುದು ಅಂತ ಗೊತ್ತು. ಇಲ್ಲಿ ಆ ಅರ್ಥ ಅಡ್ಡ ಬರುತ್ತದೆ ಅಂತ ನನಗನ್ನಿಸುವುದಿಲ್ಲ. ನಿಮಗೆ?

ಇಲ್ಲೇ ಒಂದು ಮಾತು. ಮೇಲೆ 'ನೋಡಿಕೊಂಡು ಬರುವ ದಾರಿ' ಎಂದು ಬರೆದೆ. ಕುರುಡರ ಕೈಪಿಡಿಯಲ್ಲಿ 'ನೋಡಿ' ಅಂತ ಬರೆಯಬಹುದೇ ಎಂದು ಒಬ್ಬರು ತುಂಬ ಸಂಕೋಚದಿಂದ ಕೇಳಿದ್ದರು. ಧಾರಾಳವಾಗಿ ಬರೆಯಬಹುದು. ಕೇಳಿ ನೋಡು, ಮುಟ್ಟಿ ನೋಡು, ತಿಂದು ನೋಡು ಅಂತ ಕನ್ನಡ ಎಂದೋ 'ನೋಡು' ಪದವನ್ನು ಕಿವಿಗೂ ಕೈಗೂ ನಾಲಿಗೆಗೂ ಕೊಟ್ಟುಬಿಟ್ಟಿದೆ. ನಾವು ದಿನಾ ಬಳಸುತ್ತೇವೆ.

ನಾಲ್ಕನೆಯದು ಮೌಸ್ ಬಾಣ. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಪದ ಇಲ್ಲ. 'ಬಾಣ' ಎಂದರೆ ಕೀಬೋರ್ಡಿನ ನಾಲ್ಕು ಬಾಣದ ಕೀಗಳ ಜೊತೆ ಕಲಸಿಹೋಗುತ್ತದೆ. "ಬಾಣ ಕೆಳಗೆ ತನ್ನಿ" ಎಂದರೆ ಮಕ್ಕಳು ಕೆಳಬಾಣದ ಕೀ ಒತ್ತುತ್ತಾರೆ. ಅದರ ಆಕಾರವನ್ನೇ ಕಾಣದವರಿಗೆ ಬಾಣ ಎನ್ನುವುದರಿಂದ ಪ್ರಯೋಜನವೂ ಇಲ್ಲ. 'ಮೌಸ್ ಮೊನೆ', 'ಮೌಸ್ ತುದಿ' ಎರಡನ್ನೂ ಹೇಳಿ ನೋಡಿದೆ. 'ತುದಿ' ಎಂದಾಗ ಒಬ್ಬ ಮೌಸಿನ ವೈರಿನ ತುದಿ ಹಿಡಿದ.

ಪದ ಸೂಚಿಸುವವರು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಈ ಪದಗಳನ್ನು ಕಣ್ಣು ಓದುವುದಿಲ್ಲ, ಕಿವಿ ಕೇಳುತ್ತದೆ. ಪಳಗಿದವರು ದನಿಯನ್ನು ತುಂಬ ವೇಗವಾಗಿ ಇಟ್ಟುಕೊಳ್ಳುತ್ತಾರೆ. ಮುಂದಿನ ಕೀ ಒತ್ತಿದ ಕೂಡಲೇ ಹಿಂದಿನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಪದದ ಮೊದಲ ಅಕ್ಷರದಲ್ಲೇ ವ್ಯತ್ಯಾಸ ಗೊತ್ತಾಗಬೇಕು.

ಚೌಕಕ್ಕೆ ಗುರುತು ಹಾಕುವ ಜಾಗವನ್ನೇ ನೋಡಿ. ಇಂಗ್ಲಿಷಿನಲ್ಲಿ 'ಚೆಕ್ಡ್', 'ನಾಟ್ ಚೆಕ್ಡ್' ಎನ್ನುತ್ತದೆ. 'ಇಲ್ಲ' ಎಂಬ ಸುದ್ದಿ ಮೊದಲೇ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ನೇರವಾಗಿ ಮಾಡಿದರೆ 'ಗುರುತು ಹಾಕಲಾಗಿದೆ', 'ಗುರುತು ಹಾಕಲಾಗಿಲ್ಲ' ಆಗುತ್ತದೆ. ಹೌದೋ ಅಲ್ಲವೋ ತಿಳಿಯಲು ಕೊನೆಯವರೆಗೂ ಕಾಯಬೇಕು. ನಮ್ಮ ಭಾಷೆಯಲ್ಲಿ 'ಇಲ್ಲ' ಕೊನೆಗೇ ಬರುವುದು, ಅದನ್ನು ಬದಲಿಸಲು ಆಗದು. ಹಾಗಾಗಿ 'ಗುರುತಿದೆ', 'ಖಾಲಿ' ಎಂದು ಇಟ್ಟುಕೊಂಡಿದ್ದೇನೆ. 'ಖಾ' ಕೇಳಿದರೆ ಸಾಕು, ಮುಂದೆ ಹೋಗಬಹುದು. ಮೆನು ವಿಷಯದಲ್ಲಿ 'ತೆರೆದಿದೆ', 'ಮುಚ್ಚಿದೆ' ತಾವಾಗಿಯೇ ಹೀಗೆ ಕೂತಿವೆ.

ಇದೇ ಕಾರಣಕ್ಕೆ ಸ್ಕ್ರೀನಿಗೆ 'ತೆರೆ' ಎನ್ನಲು ಹಿಂಜರಿಯುತ್ತೇನೆ. ಕಡತ ತೆರೆಯುವ ಬಟನ್ ಕೂಡ 'ತೆರೆ' ಎಂದೇ ಕೂಗುತ್ತದೆ. 'ಪರದೆ'ಗೆ ಆ ತೊಂದರೆ ಇಲ್ಲ. ಸ್ಕ್ರೀನ್ ರೀಡರಿಗೆ 'ಪರದೆ ವಾಚಕ' ಎನ್ನುವುದು ನನಗೆ ಒಪ್ಪಿಗೆ. 'ಓದುಗ' ಎಂದರೆ ತನಗಾಗಿ ಓದಿಕೊಳ್ಳುವವನು. ಗಮಕ ವಾಚನದಲ್ಲಿ ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಈ ತಂತ್ರಾಂಶ ಮಾಡುವುದೂ ಅದನ್ನೇ. ಮಾತಾಡುವಾಗ ಎಲ್ಲರೂ ಸ್ಕ್ರೀನ್ ರೀಡರ್ ಎಂದೇ ಅನ್ನುತ್ತಾರೆ, ಅದಕ್ಕೂ ನನ್ನ ತಕರಾರಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ನಿಮ್ಮ ಕಡೆ 'ಹಿಡಿತ' ಎಂದರೆ ಮೊದಲು ಏನು ಹೊಳೆಯುತ್ತದೆ? ನಮ್ಮಲ್ಲಿ ಕೈ ಬಿಗಿಯಾದವರಿಗೂ 'ಹಿಡಿತದ ಮನುಷ್ಯ' ಎನ್ನುತ್ತಾರೆ. ಕರಾವಳಿಯವರು, ಧಾರವಾಡ ಕಲಬುರಗಿ ಕಡೆಯವರು 'ಕೈಯಾಡಿಸು' ಪದಕ್ಕೆ ಬೇರೆ ಏನಾದರೂ ಹೇಳುತ್ತೀರಾ? ಮತ್ತೆ ಆ ಮೌಸ್ ಮೊನೆಗೆ, ಆಕಾರವನ್ನು ಹೇಳದೆ ಕೆಲಸವನ್ನು ಹೇಳುವ ಒಂದು ಚಿಕ್ಕ ಪದ ಬೇಕು. 'ಹಿ', 'ಕ', 'ಕೈ' ಬಿಟ್ಟು ಬೇರೆ ಅಕ್ಷರದಿಂದ ಶುರುವಾದರೆ ತುಂಬ ಉಪಕಾರವಾಗುತ್ತದೆ.