ಹೊರಗೆ ಜಡಿಮಳೆ, ಮರಿ ಆಮೆಯ ಪೆಟ್ಟಿಗೆಯಲ್ಲಿ ಮಾತ್ರ ಒಣಹವೆ

ಪ್ರಶ್ನೆ (ಮಡಿಕೇರಿ): ಸುಲ್ಕಾಟಾ (ಆಫ್ರಿಕಾದ ಆಮೆ) ಮರಿ, ಆರು ತಿಂಗಳಿನದು, ವಿದೇಶಿ ಪ್ರಾಣಿಗಳನ್ನು ನೋಂದಾಯಿಸುವ ಸರ್ಕಾರಿ ಜಾಲತಾಣ ಪರಿವೇಶ್‌ನಲ್ಲಿ ನೋಂದಣಿ ಆಗಿದೆ. ಮನೆ ಗೋಡೆಗೆಲ್ಲ ಬೂಷ್ಟು, ಆದರೆ ಪೆಟ್ಟಿಗೆಯೊಳಗಿನ ತೇವಾಂಶ ಮೀಟರ್ 45% ದಾಟುತ್ತಿಲ್ಲ. ಮೀಟರ್ ಕೆಟ್ಟಿದೆಯಾ?

ಉತ್ತರ 1: ಕೆಟ್ಟಿರಲಿಕ್ಕಿಲ್ಲ. 18 ಡಿಗ್ರಿಯಲ್ಲಿ 95% ಇರುವ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ಸುಮಾರು 46% ಆಗುತ್ತೆ. ನೀರಿನಂಶ ಅಷ್ಟೇ, ಬಿಸಿ ಗಾಳಿ ಹಿಡಿದಿಡಬಲ್ಲ ಪ್ರಮಾಣ ಜಾಸ್ತಿ. ಗುರಿ 80%. ಮೇಲಿನ ಜಾಲರಿಯನ್ನು ಬಹುಪಾಲು ಮುಚ್ಚಿ. ದೀಪಗಳ ಕೆಳಗೆ ಮಾತ್ರ ಬೇಡ, ಗಾಜು-ಪ್ಲಾಸ್ಟಿಕ್ ಆಮೆಗೆ ಬೇಕಾದ ಯುವಿಬಿ (ಅತಿನೇರಳೆ ಕಿರಣ) ತಡೆಯುತ್ತೆ, ಬೆಂಕಿಯ ಅಪಾಯ ಬೇರೆ. ತೊಳೆದ ಕೋಕೋಪೀಟ್ ನಾಲ್ಕು ಇಂಚು ಹಾಸಿ, ಉಗುರುಬೆಚ್ಚಗಿನ ನೀರನ್ನು ಮೂಲೆಗಳಲ್ಲಿ ಸುರಿಯಿರಿ. ತಳ ಒದ್ದೆ, ಮೇಲ್ಪದರ ಒಣಗಿರಬೇಕು. ಬರೀ ಸ್ಪ್ರೇ ಹೊಡೆದರೆ ಅರ್ಧ ಗಂಟೆಯ ಆಟ.

ಉತ್ತರ 2: ಮೊದಲು ಶಾಖ, ಆಮೇಲೆ ತೇವ. ಒದ್ದೆ ಪೆಟ್ಟಿಗೆ ರಾತ್ರಿ 27 ಡಿಗ್ರಿಗಿಂತ ತಣ್ಣಗಾದರೆ ಮೂಗು ಸೋರುತ್ತೆ, ಉಸಿರಾಟದ ಸೋಂಕು ತಗಲುತ್ತೆ. ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿ, ಥರ್ಮೋಸ್ಟಾಟ್ ಕಡ್ಡಾಯ. ಮಳೆಗೆ ಕರೆಂಟು ಹೋದಾಗ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒಂದು ಬದಿಗಿಡಿ. ತೋಟದ ಕಾಫಿ ಸಿಪ್ಪೆ ಪುಕ್ಕಟೆ ಅಂತ ಹಾಸಬೇಡಿ, ಬೂಷ್ಟು ಹಿಡಿಯುತ್ತೆ.

ಉತ್ತರ 3: ಮೀಟರ್ ಮೇಲೆ ಅನುಮಾನವಿದ್ದರೆ: ಬಾಟಲಿ ಮುಚ್ಚಳದಲ್ಲಿ ಉಪ್ಪು, ಅದು ಕೆಸರಿನಂತಾಗುವಷ್ಟು ನೀರು, ಮೀಟರ್ ಜೊತೆ ಜಿಪ್ ಕವರಿನಲ್ಲಿ ಎಂಟು ಗಂಟೆ. 75% ತೋರಿಸಬೇಕು. ಒಣಹವೆಯಲ್ಲಿ ಚಿಪ್ಪು ಗುಡ್ಡೆಗುಡ್ಡೆಯಾಗಿ ಉಬ್ಬುತ್ತೆ, ಉಬ್ಬಿದ್ದು ಮತ್ತೆ ಇಳಿಯಲ್ಲ. ಅಂದಹಾಗೆ, ಇದನ್ನು ಓದಿ ನಕ್ಷತ್ರ ಆಮೆ ತರಲು ಹೊರಡಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.