ಕಾಲೇಜು ಚಾಪೆಲ್‌ನ ಕೋರಲ್ ಇವನ್‌ಸಾಂಗ್ ಅನ್ನು ಹೇಗೆ ಕೇಳಬೇಕು?

ಪ್ರಶ್ನೆ

ಓದಿನ ಸಲುವಾಗಿ ಕೇಂಬ್ರಿಜ್‌ಗೆ ಬಂದಿರುವ ನಾನು ಕಳೆದ ವಾರ ಇಲ್ಲಿನ ಒಂದು ಕಾಲೇಜಿನ ಚಾಪೆಲ್‌ನಲ್ಲಿ (ಪ್ರಾರ್ಥನಾ ಮಂದಿರದಲ್ಲಿ) ಕೋರಲ್ ಇವನ್‌ಸಾಂಗ್, ಅಂದರೆ ಗಾಯಕವೃಂದ ಹಾಡುವ ಸಂಜೆಯ ಪ್ರಾರ್ಥನೆ, ಕೇಳಿದೆ. ಸಂಗೀತ ಕಛೇರಿಗೆ ಹೋಗುವವನ ಮನಸ್ಸಿನಿಂದಲೇ ಹೋಗಿದ್ದೆನಾದ್ದರಿಂದ, ಕೊನೆಯಲ್ಲಿ ಯಾರೊಬ್ಬರೂ ಚಪ್ಪಾಳೆ ತಟ್ಟದೆ ಎದ್ದು ನಿಂತಾಗ, ಗಾಯಕರು ಸಾಲಾಗಿ ನಡೆದು ಹೊರಗೆ ಹೋದಾಗ ಪೆಚ್ಚಾದೆ. ಕೀರ್ತನೆಯನ್ನು (ದಾಸರ ಪದವಲ್ಲ, ಬೈಬಲ್ಲಿನ ಕೀರ್ತನೆ) ಹಾಡುತ್ತಿದ್ದಾಗ ತೊಡೆಯ ಮೇಲೆ ತಾಳ ಹಾಕಲು ಹೋದ ಕೈಗೆ ಒಂದು ಆವರ್ತವೂ ದಕ್ಕಲಿಲ್ಲ. ಫೋನಿನಲ್ಲಿ ಕಿಂಗ್ ಜೇಮ್ಸ್ ಬೈಬಲ್ ತೆರೆದು ನೋಡಿದರೆ ಪದಗಳೂ ಹೊಂದಲಿಲ್ಲ. ಆಮೇಲೆ ಒಬ್ಬ ಹುಡುಗ ಒಂಟಿಯಾಗಿ ಹಾಡಿದ್ದು, ಅದರ ಹಿಂದೆ ಆರ್ಗನ್ ಎಡೆಬಿಡದೆ ಗಿರಗಿರನೆ ಸುತ್ತುತ್ತಿದ್ದುದು ಮಾತ್ರ ಕಿವಿಯಲ್ಲಿ ಉಳಿದಿದೆ. ಕ್ರೈಸ್ತನಲ್ಲದ ನಾನು ಮತ್ತೆ ಹೋಗುವುದು ಸರಿಯೇ? ಹೋದರೆ ಯಾವುದಕ್ಕೆ ಕಿವಿಗೊಡಬೇಕು?

ಉತ್ತರ 1

ಧಾರಾಳವಾಗಿ ಹೋಗಿ. ಬಾಗಿಲಲ್ಲಿ ನಿಮ್ಮ ನಂಬಿಕೆ ಏನೆಂದು ಯಾರೂ ಕೇಳುವುದಿಲ್ಲ. ಫೋನನ್ನು ಮಾತ್ರ ದಯವಿಟ್ಟು ಜೇಬಿನಲ್ಲೇ ಇರಿಸಿ. ಇದು ಕಛೇರಿಯಲ್ಲ, ಪೂಜೆ. ವೆಸ್ಪರ್ಸ್ ಮತ್ತು ಕಂಪ್ಲೈನ್ ಎಂಬ ಎರಡು ಲ್ಯಾಟಿನ್ ಪ್ರಾರ್ಥನೆಗಳನ್ನು ಬೆಸೆದು ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ 1549ರಲ್ಲಿ ಇಂಗ್ಲಿಷಿಗೆ ತಂದ ಸಂಜೆಯ ಪ್ರಾರ್ಥನೆ ಇದು. ಕೇಳಲು ಒಬ್ಬರೂ ಬಾರದಿದ್ದರೂ ಇದನ್ನು ಹಾಡುತ್ತಾರೆ. ಹಾಗಿರುವಾಗ ಚಪ್ಪಾಳೆಗೆ ಎಡೆಯೆಲ್ಲಿ?

ಪದಗಳು ಹೊಂದದಿರುವುದಕ್ಕೂ ಕಾರಣವಿದೆ. 1662ರಲ್ಲಿ ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕವನ್ನು ಪರಿಷ್ಕರಿಸಿದಾಗ ಇತರ ವಾಚನಗಳಿಗೆ 1611ರ ಕಿಂಗ್ ಜೇಮ್ಸ್ ಪಾಠವನ್ನು ತೆಗೆದುಕೊಂಡರೂ, ಅಷ್ಟರಲ್ಲಿ ಗಾಯಕರ ನಾಲಿಗೆಗೆ ಒಗ್ಗಿಹೋಗಿದ್ದ ಮೈಲ್ಸ್ ಕವರ್‌ಡೇಲನ ಹಳೆಯ ಅನುವಾದದ ಕೀರ್ತನೆಗಳನ್ನು ಹಾಗೆಯೇ ಉಳಿಸಿಕೊಂಡರು.

ಇನ್ನು ತಾಳದ ಮಾತು. ಅದು ನಿಮಗೆ ಸಿಗಲಿಲ್ಲವೆಂದರೆ ನೀವು ಸರಿಯಾಗಿಯೇ ಕೇಳಿದ್ದೀರಿ. ಇಲ್ಲಿ ಕೀರ್ತನೆಗಳನ್ನು ಹಾಡುವ ಧಾಟಿಯಾದ ಆಂಗ್ಲಿಕನ್ ಚಾಂಟಿನ ಅತಿ ಸರಳ ರೂಪದಲ್ಲಿ ಇರುವುದು ಹತ್ತೇ ಸ್ವರಮೇಳಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು): ವಚನದ ಮೊದಲರ್ಧಕ್ಕೆ ನಾಲ್ಕು, ಉಳಿದರ್ಧಕ್ಕೆ ಆರು. ಪ್ರತಿ ಅರ್ಧದ ಮೊದಲ ಸ್ವರಮೇಳದ ಮೇಲೆ ಎಷ್ಟು ಅಕ್ಷರಗಳಿದ್ದರೂ ಮಾತಿನ ವೇಗದಲ್ಲಿ ಹರಿದುಹೋಗುತ್ತವೆ, ಕೊನೆಯ ಕೆಲವು ಅಕ್ಷರಗಳು ಮಾತ್ರ ಉಳಿದ ಸ್ವರಗಳ ಮೇಲೆ ಬಂದು ಇಳಿಯುತ್ತವೆ. ಲಯವನ್ನು ಹೊರುವುದು ಮಾತೇ ಹೊರತು ತಾಳವಲ್ಲ. ಎರಡು ಅರ್ಧಗಳ ನಡುವೆ ಇಡೀ ವೃಂದ ಒಟ್ಟಿಗೆ ನಿಲ್ಲುವ ಒಂದು ಕ್ಷಣವಿದೆ. ಒಂದು ವೃಂದ ಪಳಗಿದೆಯೋ ಇಲ್ಲವೋ ಎಂಬುದನ್ನು ನಾನು ಅಳೆಯುವುದು ಅಲ್ಲಿಯೇ, ಕೊನೆಯಲ್ಲಿ ಬರುವ ಅಬ್ಬರದ ಆಂಥಮ್ ಎಂಬ ವೃಂದಗೀತೆಯಲ್ಲಿ ಅಲ್ಲ. ಡೆಕನೈ ಮತ್ತು ಕಂಟೋರಿಸ್ ಎಂಬ ಎರಡು ಪಕ್ಕಗಳು ಎದುರುಬದುರಾಗಿ ನಿಂತು ವಚನಗಳನ್ನು ಬದಲಾಯಿಸಿಕೊಳ್ಳುತ್ತಾ ಹಾಡುವುದನ್ನೂ ಗಮನಿಸಿ. ಹಳೆಯ ಕ್ರಮದಲ್ಲಿ 150 ಕೀರ್ತನೆಗಳು 30 ದಿನಗಳಿಗೆ ಹಂಚಿಹೋಗಿದ್ದು, 15ನೇ ತಾರೀಖಿನ ಸಂಜೆಗೆ 78ನೇ ಕೀರ್ತನೆಯೊಂದೇ ಬರುತ್ತದೆ. ಎಪ್ಪತ್ತಕ್ಕೂ ಹೆಚ್ಚು ವಚನಗಳಿರುವ ಅದನ್ನು ಇಡಿಯಾಗಿ ಹಾಡುವ ಕಡೆ ಹೋಗಿ ಕುಳಿತರೆ ನಾನು ಹೇಳುವುದು ಅರ್ಥವಾದೀತು.

ಉತ್ತರ 2

ಮೇಲಿನವರ ಮಾತನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಹೊಸಬರು ಕೀರ್ತನೆಗಳಿಂದ ಶುರುಮಾಡುವುದು ಕಷ್ಟ, ಅವು ದಿನಕ್ಕೊಂದು ಬಗೆಯಾಗಿ ಬರುತ್ತವೆ. ಯೇಸುವಿನ ತಾಯಿ ಮರಿಯಳ ಹಾಡಾದ ಮ್ಯಾಗ್ನಿಫಿಕಾಟ್ ಮತ್ತು ಮುದುಕ ಸಿಮಿಯೋನನ ಹಾಡಾದ ನುಂಕ್ ಡಿಮಿಟ್ಟಿಸ್ ಹಾಗಲ್ಲ, ಸಾಹಿತ್ಯ ಸಾಮಾನ್ಯವಾಗಿ ಪ್ರತಿ ಸಂಜೆಯೂ ಅದೇ, ಸಂಗೀತ ಮಾತ್ರ ಬೇರೆ. ಒಂದೇ ಸಾಹಿತ್ಯವನ್ನು ಬೇರೆ ಬೇರೆ ರಾಗಗಳಲ್ಲಿ ಕೇಳಿ ಬಲ್ಲ ನಮ್ಮಂಥವರಿಗೆ ಒಳಹೋಗುವ ಬಾಗಿಲು ಇದೇ. ನೀವು ವರ್ಣಿಸಿದ್ದು ಬಹುಶಃ ಸಂಗೀತ ಸಂಯೋಜಕ ಸ್ಟ್ಯಾನ್‌ಫರ್ಡ್ ಜಿ ಮೇಜರ್ ಶ್ರುತಿಯಲ್ಲಿ ರಚಿಸಿದ ಮ್ಯಾಗ್ನಿಫಿಕಾಟ್. ಅದರಲ್ಲಿ ಆರ್ಗನ್ನಿನ ಆ ಸುತ್ತು ಮರಿಯಳು ನೂಲುತ್ತಿರುವ ರಾಟೆಯಂತೆ ಕೇಳಿಸುತ್ತದೆ. ಅದರ ಜೋಡಿಯಾದ ನುಂಕ್ ಡಿಮಿಟ್ಟಿಸ್‌ನಲ್ಲಿ ಒಂಟಿ ದನಿ ಹುಡುಗನದಲ್ಲ, ಮಂದ್ರದ ಗಂಡು ದನಿ. ಇದರ ಬಳಿಕ ಇನ್ನೊಬ್ಬ ಸಂಯೋಜಕ ಹೊವೆಲ್ಸ್ ಅವರು ಇದೇ ಎರಡು ಹಾಡುಗಳಿಗೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗಾಗಿ 1945ರಲ್ಲಿ ಬರೆದ ‘ಕೊಲೀಜಿಯಂ ರೀಗಾಲೆ’ಯನ್ನು ಕೇಳಿ. ಅಲ್ಲಿಯೂ ಆರಂಭ ಹುಡುಗರ ದನಿಯಿಂದಲೇ, ಆದರೆ ಎಷ್ಟು ಬೇರೆಯಾದ ಮರಿಯಳು! ಚಾಪೆಲ್‌ಗೆ ಹೋಗಲಾಗದ ವಾರಗಳಲ್ಲಿ ಬಿಬಿಸಿ ರೇಡಿಯೊ ಇದೆ. 1926ರಿಂದಲೂ ಅದು ಇವನ್‌ಸಾಂಗ್ ಪ್ರಸಾರ ಮಾಡುತ್ತಾ ಬಂದಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಸ್ಟ್ಯಾನ್‌ಫರ್ಡ್ ಎಂಬ ಊಹೆ ಸರಿಯಾಗಿತ್ತು. ಪುಸ್ತಕದೊಳಗೆ ಮಡಚಿಟ್ಟಿದ್ದ ಅಂದಿನ ಹಾಳೆಯಲ್ಲಿ ಹಾಗೆಯೇ ಇದೆ. ನಿನ್ನೆ ಮತ್ತೆ ಹೋಗಿ, ಕೈಗಳನ್ನು ಕಟ್ಟಿಕೊಂಡು ಕುಳಿತು ವಚನದ ನಡುವಿನ ಆ ನಿಲುಗಡೆಗಾಗಿ ಕಾದೆ. ಎದುರು ಸಾಲಿನ ಅತಿ ಕುಳ್ಳ ಹುಡುಗನ ಭುಜಗಳು ಉಸಿರಿಗೆಂದು ಮೇಲೇರುವಾಗಲೂ ಹಿಂದಿನ ಸ್ವರ ಚಾವಣಿಯ ಕೆಳಗೆ ಇನ್ನೂ ಕರಗಿರಲಿಲ್ಲ. 15ನೇ ತಾರೀಖಿನ ಆಸೆಯನ್ನು ಮಾತ್ರ ಬಿಡಬೇಕಾಗಿದೆ: ಬಾಗಿಲ ಬಳಿ ಅಂಟಿಸಿರುವ ಪಟ್ಟಿಯಲ್ಲಿ 78ನೇ ಕೀರ್ತನೆಯ ಮುಂದೆ ಮೊದಲ ಕೆಲವು ವಚನಗಳ ಸಂಖ್ಯೆಯನ್ನಷ್ಟೇ ಬರೆದಿದ್ದಾರೆ.